ಲಿಂಗಮ್ಮನ ಮುದ್ದೆಗೆ ಸಿಕ್ಕ ಮೀನು

ಸಣ್ಣಸ್ವಾಮಿ ಹತ್ತೊಂಬತ್ತು ವರ್ಷ ಮೀನಿನ ಕೆಲಸ ಮಾಡಿಯೂ ಹೊಳೆಯ ಒಂದು ಮೀನನ್ನೂ ತಿಂದಿಲ್ಲ ಎಂದರೆ ಕುಶಾಲನಗರದ ಸಂತೆಯಲ್ಲಿ ಜನ ನಗುತ್ತಾರೆ. ಆದರೆ ಅದು ನಿಜ. ಬೆಳ್ಳಿಯಪ್ಪನವರು ಕಾವೇರಿ ದಡದಲ್ಲಿ, ತಮ್ಮ ಕಾಫಿ ಎಸ್ಟೇಟಿನ ಅಂಚಿಗೆ, ಗಾಳ ಹಾಕುವ ಕ್ಯಾಂಪ್ ನಡೆಸುತ್ತಿದ್ದರು. ಗೆಸ್ಟುಗಳು ಎಲ್ಲೆಲ್ಲಿಂದಲೋ ಬಂದು ದಿನವಿಡೀ ಬಿಸಿಲಲ್ಲಿ ಕಾದು ಒಂದು ಮಹಶೀರ್ ಮೀನು ಹಿಡಿದು, ಮಗುವಿನ ಹಾಗೆ ಎತ್ತಿಕೊಂಡು ಫೋಟೋ ತೆಗೆಸಿಕೊಂಡು, ಮತ್ತೆ ಹೊಳೆಗೇ ಬಿಡುತ್ತಿದ್ದರು. ಹಿಡಿದದ್ದನ್ನು ಬಿಡಲೇಬೇಕು, ಅದು ಕ್ಯಾಂಪಿನ ಕಟ್ಟುನಿಟ್ಟು.

ಬಿಡುವ ಕೆಲಸ ಸಣ್ಣಸ್ವಾಮಿಯದು. ಬಿಡುವುದೆಂದರೆ ಎಸೆಯುವುದಲ್ಲ. ಸೆಳವಿಗೆ ಮುಖ ಮಾಡಿಸಿ, ಒಂದು ಕೈ ಹೊಟ್ಟೆಯಡಿ, ಇನ್ನೊಂದು ಕೈ ಬಾಲದ ಬುಡದಲ್ಲಿಟ್ಟು, ಮೀನು ತಾನಾಗಿ ಕೊಸರಿಕೊಂಡು ಹೋಗುವ ತನಕ ಕಾಯಬೇಕು. ಇನ್ನೊಂದು ಫೋಟೋ ಎಂದು ಯಾರಾದರೂ ತಡಮಾಡಿದರೆ ಅವನು ದೊಡ್ಡವರು ಚಿಕ್ಕವರು ನೋಡುತ್ತಿರಲಿಲ್ಲ. "ಸಾರ್, ನೀವೂ ಉಸಿರು ಬಿಗಿ ಹಿಡ್ಕೊಳ್ಳಿ. ನಿಮಗೆ ಸಾಕಾದಾಗ ಅದಕ್ಕೂ ಸಾಕಾಗಿರ್ತದೆ" ಎನ್ನುತ್ತಿದ್ದ.

ಗಾಳಕ್ಕೆ ಚುಚ್ಚುವ ರಾಗಿಮುದ್ದೆ ಅವನ ಹೆಂಡತಿ ಲಿಂಗಮ್ಮನ ಕೈಯದು. ಅರಕಲಗೂಡು ಕಡೆಯಿಂದ ಬಂದು ಇಲ್ಲಿ ನೆಲೆನಿಂತ ಮನೆ ಅವರದು. ಮುದ್ದೆ ತೊಳಸುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಮನುಷ್ಯರ ಮುದ್ದೆ ಬೇರೆ, ಮೀನಿನದು ಬೇರೆ. ಮೀನಿನದು ಎರಡು ಸಲ ಬೇಯಬೇಕು, ಸೋಂಪು ಕುಟ್ಟಿ ಹಾಕಬೇಕು, ಗಂಟೆಗಟ್ಟಲೆ ನೀರಿನಲ್ಲಿದ್ದರೂ ಕರಗಬಾರದು. ಹೆಬ್ಬೆರಳು ಒತ್ತಿ ನೋಡಿ ಹದ ಹೇಳುತ್ತಿದ್ದಳು. "ನಾನೂ ಅದೇ ರಾಗಿ ತಿಂತೀನಿ, ಆ ಮೀನೂ ಅದೇ ತಿಂತದೆ. ಅದನ್ನ ಬಿಟ್ಟು ಕಳಿಸ್ತೀರ, ನನಗೆ ಮಾತ್ರ ಪಾತ್ರೆ ತೊಳೆಯೋದು" ಎಂದು ಆಡಿಕೊಳ್ಳುತ್ತಿದ್ದಳು.

ಸಂಜೆ ಅವನು ಮನೆಗೆ ಬಂದು ಅವಳಿಗೆ ಅವತ್ತು ಸಿಕ್ಕ ಮೀನುಗಳ ವರದಿ ಒಪ್ಪಿಸಬೇಕು. ಒಂದಕ್ಕೆ ಮೇಲ್ದುಟಿಯ ಎಡಕ್ಕೆ ಹಳೇ ಗಾಳದ ಗಾಯ ಮಾಗಿ ಕಡಲೆಕಾಳಿನಷ್ಟು ಗಂಟಾಗಿತ್ತು. ಮೂರು ವರ್ಷದಲ್ಲಿ ಮೂರು ಸಲ ಸಿಕ್ಕಿ ಮೂರು ಸಲವೂ ಹೋಗಿತ್ತು. ಅದನ್ನು ಕಣ್ಣಾರೆ ನೋಡದೆಯೇ ಮೂಗುತಿ ಎಂದು ಹೆಸರಿಟ್ಟವಳು ಲಿಂಗಮ್ಮ.

ಈ ವರ್ಷ ಕಾಫಿ ಪಿಕಿಂಗ್ ಮುಗಿಯುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು. ಹೊಟ್ಟೆಯಲ್ಲಿ ಕ್ಯಾನ್ಸರ್. ಇನ್ನು ಮಾಡುವುದು ಹೆಚ್ಚೇನಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿಯಾಗಿತ್ತು; ಬೇಕಿದ್ದರೆ ಆಸ್ಪತ್ರೆಗೆ ಸೇರಿಸಿ, ಮೂಗಿನಿಂದ ನಳಿಗೆ ಇಳಿಸಿ ಆಹಾರ ಕೊಡೋಣ, ಕೆಲವು ವಾರ ಹೆಚ್ಚು ಸಿಗಬಹುದು ಎಂದಿದ್ದರು. ಕುಶಾಲನಗರದಲ್ಲಿದ್ದ ಮಗ ಶಿವಪ್ರಕಾಶ್ ಆಸ್ಪತ್ರೆಗೆ ಕರೆದೊಯ್ಯಲು ಸೋಮವಾರಕ್ಕೆ ಕಾರು ಗೊತ್ತುಮಾಡಿದ. ಈ ಮೂಗಿಗೆ ಮದುವೆಯಲ್ಲಿ ನೀವು ಹಾಕಿಸಿದ ಮೂಗುತಿಯೇ ಸಾಕು, ನಾನೆಲ್ಲೂ ಬರುವುದಿಲ್ಲ ಎಂದು ಲಿಂಗಮ್ಮ ಗಂಡನಿಗೆ ಹೇಳಿದಳು. ಸಣ್ಣಸ್ವಾಮಿ ಬೆಳಿಗ್ಗೆ ಹೆಂಡತಿಗೆ ಆಯ್ತು ಎಂದ, ಸಂಜೆ ಮಗನಿಗೂ ಆಯ್ತು ಎಂದ.

ಅವಳು ಕೇಳಿದ್ದು ಒಂದೇ. ಆ ಹೊಳೆಮೀನಿನ ಸಾರು ಒಂದು ಸಲ ಬಾಯಿಗಿಡಬೇಕು. ಆರೈಕೆಗೆಂದು ಶನಿವಾರಸಂತೆಯ ಗಂಡನ ಮನೆಯಿಂದ ಬಂದಿದ್ದ ಮಗಳು ಸೌಮ್ಯ ಮಾರ್ಕೆಟ್ಟಿನಿಂದ ಕಾಟ್ಲಾ ತಂದು ಸಾರು ಮಾಡಿದಳು. ಲಿಂಗಮ್ಮ ನಾಲಿಗೆಗೆ ತಾಗಿಸಿ ಬಟ್ಟಲು ಸರಿಸಿದಳು.

"ಇದು ಕೆರೆಮೀನು ಕಣೆ. ನನ್ನ ಮುದ್ದೆ ತಿಂದಿಲ್ಲ ಇದು."

ಬೆಳ್ಳಿಯಪ್ಪನವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಅವರು ಇಲ್ಲ ಎನ್ನಬೇಕು, ಇಲ್ಲ ಎಂದರೆ ಇಬ್ಬರಿಗೂ ಮುಖ ನೋಡಿಕೊಳ್ಳಲು ಕಷ್ಟ. ಸಣ್ಣಸ್ವಾಮಿ ಕೇಳಲಿಲ್ಲ. ಭಾನುವಾರ ಗೆಸ್ಟುಗಳಿರಲಿಲ್ಲ. ಬೆಳಕು ಹರಿಯುವಾಗ ಸೌಮ್ಯ ಒಲೆಯ ಮುಂದೆ ಮುದ್ದೆ ತೊಳಸಿದಳು, ಲಿಂಗಮ್ಮ ಹಾಸಿಗೆಯಿಂದಲೇ ಇನ್ನೂ ಬೇಯಲಿ, ಇನ್ನೂ ಬೇಯಲಿ ಎನ್ನುತ್ತಿದ್ದಳು. ಕೊನೆಗೆ ಹತ್ತಿರ ತರಿಸಿಕೊಂಡು ಹೆಬ್ಬೆರಳು ಒತ್ತಿದಳು. ಒತ್ತಲು ಬಲ ಸಾಲದೆ ಎರಡು ಕೈಯಲ್ಲೂ ಒತ್ತಿದಳು. ನಿಂಬೆಹಣ್ಣಿನಷ್ಟು ಒಂದೇ ಒಂದು ಉಂಡೆಯನ್ನು ತಾನೇ ಉರುಟಿ ಗಂಡನ ಅಂಗೈಗೆ ಹಾಕಿದಳು. ಅಷ್ಟಕ್ಕೇ ಅವಳ ಹಣೆ ಬೆವರಿತ್ತು.

ಬಂಡೆಗಳ ಕೆಳಗಿನ ಮಡುವಿನಲ್ಲಿ ಬಿಸಿಲು ನೀರಿಗೆ ಇಳಿಯುವ ಮೊದಲೇ ಗಾಳದ ದಾರ ಬಿಗಿಯಿತು. ಕಾಲು ಗಂಟೆ ಸೆಣಸಿ ದಡಕ್ಕೆ ತಂದಾಗ ಅವನು ಮೊದಲು ನೋಡಿದ್ದು ಅದರ ತುಟಿಯನ್ನು. ಎಡಕ್ಕೆ ಆ ಗಂಟು.

ಬೇರೆ ಯಾವುದಾದರೂ ಆಗಿದ್ದರೆ ಕಲ್ಲಿಗೆ ಬಡಿಯುತ್ತಿದ್ದೆ ಎಂದು ಅವನು ಆಮೇಲೆ ಅಂದುಕೊಂಡ. ಅದೂ ಸುಳ್ಳೇ ಇರಬಹುದು. ಗಾಳ ಬಿಡಿಸಿದ್ದೇ ಅವನ ಕೈಗಳು ಯಾರನ್ನೂ ಕೇಳದೆ ಮೀನನ್ನು ಸೆಳವಿಗೆ ತಿರುಗಿಸಿಬಿಟ್ಟವು. ಮೀನು ಉಸಿರಾಡತೊಡಗಿತು. ಅಷ್ಟರಲ್ಲಿ ಲಿಂಗಮ್ಮನ ಹಣೆಯ ಬೆವರು ಕಣ್ಣ ಮುಂದೆ ಬಂತು; ಎತ್ತಿ ಕಲ್ಲಿನ ಮೇಲೆ ಹಾಕಿದ. ಅದು ಬಾಯಿ ತೆರೆದು ಮುಚ್ಚಿತು. ಮೂರು ಸಲ ಹೋಗು ಎಂದು ಕಳಿಸಿದ್ದನ್ನು ನಾಲ್ಕನೇ ಸಲ ಹೇಗೆ ಕೊಲ್ಲುವುದು? ಮತ್ತೆ ನೀರಿಗಿಳಿಸಿದ. ಬರಿಗೈಯಲ್ಲಿ ಮನೆಗೆ ಹೋಗಿ ಏನು ಹೇಳುವುದು? ಮತ್ತೆ ಎತ್ತಿದ. ಹೀಗೆ ಎಷ್ಟು ಸಲವೋ. ಗೆಸ್ಟ್ ಯಾರಾದರೂ ಹೀಗೆ ಮಾಡಿದ್ದರೆ ಸಣ್ಣಸ್ವಾಮಿಯೇ ಮೀನನ್ನು ಅವರ ಕೈಯಿಂದ ಕಿತ್ತುಕೊಂಡಿರುತ್ತಿದ್ದ.

ಕೊನೆಗೆ ಬಿಡುವುದು ಎಂದು ಗಟ್ಟಿ ಮಾಡಿ, ಸೊಂಟದ ತನಕ ನೀರಿಗಿಳಿದು, ಸೆಳವಿಗೆ ಹಿಡಿದು ನಿಂತ. ಬಹಳ ಹೊತ್ತು ನಿಂತ. ಮೀನು ಕೊಸರಲಿಲ್ಲ. ಹೋಗವ್ವ, ಹೋಗು ಎಂದು ಗೋಗರೆದ. ಒಮ್ಮೆ ಬಾಲ ಆಡಿದಂತಾಗಿ ಕೈ ಸಡಿಲಿಸಿದರೆ ಎರಡು ಮಾರು ಹೋಗಿ ಬೆಳ್ಳಗೆ ಹೊಟ್ಟೆ ಮೇಲಾಗಿ, ತೇಲಿಕೊಂಡು ಅವನ ತೊಡೆಗೇ ಬಂದು ತಾಗಿತು.

ಗೋಣಿಚೀಲದಲ್ಲಿ ಹೊತ್ತುಕೊಂಡು ಬರುವಾಗ ಎಸ್ಟೇಟ್ ರಸ್ತೆಯಲ್ಲಿ ಬೆಳ್ಳಿಯಪ್ಪನವರ ಜೀಪು ಎದುರಾಯಿತು. ಚೀಲದಿಂದ ಬಾಲ ಆಚೆ ಕಾಣುತ್ತಿತ್ತು. ಅವರು ಅದನ್ನು ನೋಡಿದರು, ಇವನ ಒದ್ದೆ ಬಟ್ಟೆಯನ್ನು ನೋಡಿದರು. ಲಿಂಗಮ್ಮ ಹೇಗಿದ್ದಾಳೆ ಎಂದಷ್ಟೇ ಕೇಳಿ ಹೊರಟುಹೋದರು. ಅವನು ಮನೆ ಮುಟ್ಟಿ ಬಟ್ಟೆ ಬದಲಿಸುವಷ್ಟರಲ್ಲಿ ಅವರ ಡ್ರೈವರ್ ಮೀನಿನ ಸಾರಿಗೆಂದು ಒಂದು ಬಾಟಲಿ ಕಾಚಂಪುಳಿ ತಂದುಕೊಟ್ಟ. ಆ ಹುಳಿಯ ಬಾಟಲಿ ಹಿಡಿದು ಸಣ್ಣಸ್ವಾಮಿ ಜಗಲಿಯಲ್ಲೇ ಸ್ವಲ್ಪ ಹೊತ್ತು ಕೂತ.

ಯಾರು ಸಿಕ್ಕಿದ್ದು ಎಂದು ಲಿಂಗಮ್ಮ ಕೇಳಿದಳು. ಯಾವುದೋ ಹೊಸದು ಎಂದ. ಇಲ್ಲಿ ತನ್ನಿ ಎಂದಳು. ಸೌಮ್ಯ ಮೊರದಲ್ಲಿಟ್ಟು ತಂದಳು. ಲಿಂಗಮ್ಮನ ಹೆಬ್ಬೆರಳು ಮೀನಿನ ತುಟಿಯ ಮೇಲೆ ಹರಿದು ಎಡಕ್ಕೆ ಬಂದು ನಿಂತಿತು. ಮುದ್ದೆಯ ಹದ ನೋಡುವಂತೆ ಮೆಲ್ಲಗೆ ಒತ್ತಿದಳು.

"ಬಿಟ್ಟಿದ್ರಾ, ಹಿಡಿದಿದ್ರಾ?"

"ಎರಡೂ ಮಾಡ್ದೆ ಕಣೆ" ಎಂದ ಸಣ್ಣಸ್ವಾಮಿ. "ಅದಕ್ಕೇ ಸತ್ತೋಯ್ತು."

ಲಿಂಗಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊದಿಕೆಗೆ ಬೆರಳು ಒರೆಸಿಕೊಂಡು ಗೋಡೆಯ ಕಡೆ ಮಗ್ಗುಲಾದಳು. ಆ ಕಡೆ ಮುಖ ಮಾಡಿಯೇ ಕೇಳಿದಳು.

"ನಾಳೆ ನನಗೂ ಹಂಗೇ ಮಾಡ್ತೀರಾ?"

ಸೌಮ್ಯ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸಣ್ಣಸ್ವಾಮಿ ಅಂಗಳಕ್ಕೆ ಹೋಗಿ ಮಗನಿಗೆ ಫೋನ್ ಮಾಡಿ, ಕಾರು ಬೇಡ ಎಂದ. ಶಿವಪ್ರಕಾಶ್ ಕೂಗಾಡಿದ, ಅವ್ವನನ್ನು ಕೈಯಾರೆ ಕಳ್ಕೊಳ್ತೀಯಾ ಎಂದ, ಆಮೇಲೆ ಅತ್ತ. ಸಣ್ಣಸ್ವಾಮಿ ಎಲ್ಲವನ್ನೂ ಕೇಳಿಸಿಕೊಂಡು, ಬೇಡ ಎಂದದ್ದನ್ನು ಬದಲಿಸಲಿಲ್ಲ. ಮಧ್ಯಾಹ್ನ ಊಟಕ್ಕೆ ಬಾ, ಅವ್ವ ಮೀನು ಸಾರು ಮಾಡಿಸಿದ್ದಾಳೆ ಎಂದು ಫೋನ್ ಇಟ್ಟ.

ಸಾರು ತಂದಾಗ ಅವನು ಅವಳ ಬೆನ್ನಡಿ ಒಂದು ಕೈ ಕೊಟ್ಟು ಎಬ್ಬಿಸಿ ಕೂರಿಸಿದ. ಏನೂ ತೂಕವಿರಲಿಲ್ಲ. ಎರಡು ಚಮಚ ಕುಡಿದಳು, ಉಗುರಿನಷ್ಟು ಮೀನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು.

"ಇಷ್ಟೇನಾ? ಇದಕ್ಕೇನಾ ಅವರೆಲ್ಲ ಅಷ್ಟು ದೂರದಿಂದ ಬರ್ತಿದ್ದುದು?"

"ಅವರು ತಿನ್ನಕ್ಕೆ ಬರ್ತಿರಲಿಲ್ಲ ಕಣೆ."

ಅವಳಿಗೆ ನಗು ಬಂತು, ನಗಲಾರದೆ ಕಣ್ಣು ಮುಚ್ಚಿಕೊಂಡಳು. ಉಳಿದದ್ದನ್ನು ನೀವು ತಿನ್ನಿ, ಚೆಲ್ಲಬೇಡಿ ಎಂದಳು. ತಿನ್ನುತ್ತೇನೆ ಎಂದ. ಆದರೆ ಅವಳು ಒರಗಿಯೇ ಇದ್ದಳು, ಅವನ ಕೈ ಬೆನ್ನಡಿಯೇ ಇತ್ತು. ಬಟ್ಟಲಿನಲ್ಲಿ ಸಾರು ಆರುತ್ತಿದ್ದರೂ, ಅವಳು ತಾನಾಗಿ ದಿಂಬಿನ ಕಡೆ ಜರುಗುವ ತನಕ ಸಣ್ಣಸ್ವಾಮಿ ಆ ಕೈ ತೆಗೆಯಲಿಲ್ಲ.