ಇಲ್ಲದ ಗೋಣಿಯ ತೂಕ

ಹನೂರಿನ ಜೋಳದ ಮಂಡಿಯಲ್ಲಿ ದೊಡ್ಡಮಾದಪ್ಪನ ಬಾಯಿಂದ ಬಂದದ್ದೇ ತೂಕ. ಹೆಸರಿಗೆ ಅಲ್ಲೊಂದು ಹಳೇ ಮಿಷಿನ್ನಿತ್ತು ಅನ್ನಿ. ಕೆಳಗೆ ಕಬ್ಬಿಣದ ಹಲಗೆ, ಮೇಲೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಆಚೀಚೆ ಜರುಗಿಸುವ ಗುಂಡು. ಆದರೆ ಪಟ್ಟಿಯ ಮೇಲಿನ ಗೀಟುಗಳೆಲ್ಲ ಸವೆದು ಹೋಗಿ, ಓದುವುದಕ್ಕೆ ಬರುತ್ತಿದ್ದದ್ದು ಅವನೊಬ್ಬನಿಗೇ. ಮೂಟೆ ಹಲಗೆಗೆ ಬಿದ್ದರೆ ಸಾಕು, ಗುಂಡು ಜರುಗಿಸಿ, ಬಾಯೊಳಗಿನ ಎಲೆ ಅಡಿಕೆಯನ್ನು ದವಡೆಗೆ ತಳ್ಳಿ, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಮೊದಲನೇ ಮೂಟೆಗೆ ಒಂದು ಅನ್ನುತ್ತಿರಲಿಲ್ಲ, "ಲಾಭ" ಅನ್ನುತ್ತಿದ್ದ. ಅದು ಅವರಪ್ಪನ ಕಾಲದಿಂದ ಬಂದದ್ದು. ಮೂಟೆಗೊಂದು ಕೆಜಿ ಗೋಣಿಯ ತೂಕ ಅಂತ ಕಳೆದು ಕೂಗುವುದೂ ಅಷ್ಟೇ ಹಳೆಯದು. ಕಣ್ಣು ಐವತ್ತೆರಡು ನೋಡಿದರೆ ಬಾಯಿ ಐವತ್ತೊಂದು ಅನ್ನುತ್ತಿತ್ತು. ನಡುವೆ ಯೋಚನೆ ಅನ್ನುವುದೇ ಇರಲಿಲ್ಲ. ಮೂವತ್ತು ವರ್ಷದಲ್ಲಿ ಅವನ ತೂಕಕ್ಕೆ ಎದುರು ಮಾತಾಡಿದವರಿಲ್ಲ. ಆಡಿದ್ದರೆ ಸುಮ್ಮನೆ ಬಿಡುವ ಆಸಾಮಿಯೂ ಅವನಲ್ಲ, ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಇಂಥವನ ಮಗಳು ಮೀನಾ. ದಿನಾ ಬಸ್ಸಿನಲ್ಲಿ ಕೊಳ್ಳೇಗಾಲಕ್ಕೆ ಹೋಗಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಳು, ಇದೇ ಕೊನೇ ವರ್ಷ. ಅವಳೂ ಅವಳ ಜೊತೆ ಓದುವ ಮುರುಗೇಶನೂ ಸೇರಿ ಆರು ತಿಂಗಳಿಂದ ಒಂದು ಕಾಳಗದ ರೋಬೋ ಕಟ್ಟುತ್ತಿದ್ದರು. ಕಾಳಗ ಅಂದರೆ ಇಷ್ಟೇ: ಕಬ್ಬಿಣದ ಪಂಜರದೊಳಗೆ ಎರಡು ಯಂತ್ರ ಬಿಡುತ್ತಾರೆ, ಹೊರಗಿಂದ ರಿಮೋಟಿನಲ್ಲಿ ಓಡಿಸುತ್ತಾರೆ, ಮೂರು ನಿಮಿಷದಲ್ಲಿ ಯಾವುದು ಅಲ್ಲಾಡದೆ ನಿಂತಿತೋ ಅದು ಸೋತ ಹಾಗೆ. ಹೆವಿವೇಟ್ ಪಂದ್ಯಕ್ಕೆ ಅರವತ್ತು ಕೆಜಿ ಮಿತಿ. ಅದರ ಮೇಲೆ ಒಂದು ಬೋಲ್ಟು ಹೆಚ್ಚಾದರೂ ಒಳಕ್ಕೆ ಬಿಡುವುದಿಲ್ಲ.

ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಮಣ್ಣು ಪುಡಿ ಮಾಡುವ ರೋಟವೇಟರುಗಳನ್ನು ರಿಪೇರಿ ಮಾಡುವ ಶಿವಮಲ್ಲಪ್ಪನ ಶೆಡ್ಡಿನಲ್ಲಿ ಇವರ ಕೆಲಸ. ಮುಂದೆ ಗರಗರ ತಿರುಗುವ ಒಂದು ಉರುಳೆ, ಅದಕ್ಕೆ ರೋಟವೇಟರಿನ ಬ್ಲೇಡುಗಳನ್ನೇ ಕತ್ತರಿಸಿ ಬೆಸುಗೆ ಹಾಕಿದ್ದರು. ಮೂತಿಯನ್ನು ನೆಲಕ್ಕೆ ಹಾಕಿ ಎದುರಿನದನ್ನು ಎತ್ತಿ ಒಗೆಯುವುದು ಅದರ ವರಸೆ. ಜೋಳದ ಹೊಲ ಹಾಳು ಮಾಡುವ ಪ್ರಾಣಿಯ ನೆನಪಾಗಿ ಶಿವಮಲ್ಲಪ್ಪನೇ ಅದಕ್ಕೆ ಕಾಡಂದಿ ಅಂತ ಹೆಸರಿಟ್ಟ.

"ಹೆಣ್ಮಗೀಗೆ ಹಂದಿ ಸಾಕೋ ಶೋಕಿ ನೋಡು," ಅಂತ ದೊಡ್ಡಮಾದಪ್ಪ ಎಲ್ಲರೆದುರಿಗೂ ಗೊಣಗುತ್ತಿದ್ದ. ಸಂಜೆಯಾದರೆ ಮಾತ್ರ ಶೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿದ್ದ ಬೋಲ್ಟುಗಳನ್ನು ಆರಿಸಿ ಡಬ್ಬಕ್ಕೆ ಹಾಕುತ್ತಿದ್ದವನು ಅವನೇ.

ಪಂದ್ಯಕ್ಕೆ ಒಂದು ವಾರವಿದೆ ಅನ್ನುವಾಗ ಕಾಡಂದಿಯನ್ನು ಆಟೋದಲ್ಲಿ ಮಂಡಿಗೆ ತಂದರು. ನಾಲ್ಕು ಜನ ಹೊತ್ತು ಹಲಗೆಯ ಮೇಲಿಟ್ಟರು. ಹಮಾಲಿಗಳೆಲ್ಲ ಸುತ್ತ ನೆರೆದರು. ದೊಡ್ಡಮಾದಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ, ಗುಂಡು ಜರುಗಿಸಿದ, ಪಟ್ಟಿ ಮಟ್ಟವಾಗಿ ನಿಲ್ಲುವವರೆಗೂ ಉಸಿರು ಹಿಡಿದ.

"ಲಾಭ! ಐವತ್ತೊಂಬತ್ತು ಒಂಬೈನೂರು!"

ಮುರುಗೇಶ ಪಟ್ಟಿ ನೋಡುವುದಕ್ಕೆ ಬಗ್ಗಿದ. ಮೀನಾ ಅವನ ಬೆನ್ನಿಗೊಂದು ಬಿಟ್ಟಳು. "ಅದೇನ್ಲಾ ಬಗ್ಗಿ ನೋಡಿಯೆ? ನಮ್ಮಪ್ಪ ಕೂಗಾಯ್ತಲ್ಲ."

"ಆಯ್ತು ಬುಡು ತಾಯಿ," ಅಂತ ಅವನು ಬೆನ್ನು ಸವರಿಕೊಂಡ. ದೊಡ್ಡಮಾದಪ್ಪನಿಗೆ ಆವತ್ತು ಒಂದು ತುತ್ತು ಅನ್ನ ಜಾಸ್ತಿಯೇ ಸೇರಿತು.

ಆ ಸಲದ ಪಂದ್ಯ ಕೊಳ್ಳೇಗಾಲದಲ್ಲೇ, ಒಂದು ಕಾಲೇಜಿನ ಮೈದಾನದಲ್ಲಿ. ಭಾನುವಾರ ಬೆಳಿಗ್ಗೆ ಹನೂರಿನಿಂದ ಎರಡು ಟ್ರ್ಯಾಕ್ಟರ್ ಜನ ಬಂದಿಳಿದರು. ಮಂಡಿಗೆ ಜೋಳ ಹಾಕುವ ಚಿಕ್ಕನಿಂಗಮ್ಮ ಅನ್ನುವ ಮುದುಕಿ ಕೂಡ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಿದ್ದಳು. "ನಮ್ ಮಾದಪ್ಪನ ಮಗ್ಳು ಹಂದಿ ಬುಡ್ತಾಳಂತೆ, ನೋಡ್ದೆ ಇರಕ್ಕಾದ್ದಾ?" ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು.

ಮೊದಲು ತಪಾಸಣೆ. ಕನ್ನಡಕದ ಮೇಷ್ಟ್ರೊಬ್ಬರು ಎಲೆಕ್ಟ್ರಾನಿಕ್ ಮಿಷಿನ್ನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಾಡಂದಿಯನ್ನು ಇಟ್ಟ ತಕ್ಷಣ ಕೆಂಪು ಅಂಕಿ ಕುಣಿದು ಕುಣಿದು ನಿಂತಿತು. ಅರವತ್ತು ಒಂಬೈನೂರು.

"ಒಂಬೈನೂರು ಗ್ರಾಂ ಜಾಸ್ತಿ ಇದೆಯಲ್ಲಮ್ಮ."

"ಸಾಧ್ಯನೇ ಇಲ್ಲ ಸಾ," ಅಂದಳು ಮೀನಾ. "ನಮ್ಮಪ್ಪ ತೂಗವ್ರೆ. ಮೂವತ್ತು ವರ್ಷದಿಂದ ಹನೂರು ಮಂಡೀಲಿ ತೂಗ್ತಾವ್ರೆ, ಒಂದಿನ ತಪ್ಪಿಲ್ಲ. ನಿಮ್ ಮಿಷಿನ್ನೇ ಕೆಟ್ಟದೆ."

ಹಿಂದೆ ನಿಂತಿದ್ದ ಹನೂರಿನವರು ಹೌದ್ಹೌದು ಅಂತ ಗದ್ದಲ ಎಬ್ಬಿಸಿದರು. ಚಿಕ್ಕನಿಂಗಮ್ಮ ಮುಂದಕ್ಕೇ ನುಗ್ಗಿದಳು. "ಮಾದಪ್ಪನ್ ತೂಕ್ವ ತಪ್ಪು ಅಂದೀರಾ? ನಮ್ ಮನೆ ಜೋಳ್ವೆಲ್ಲ ಅವ್ನೇ ಕಣ್ರಿ ತೂಗಿರದು!"

ಮೇಷ್ಟ್ರು ಒಳ್ಳೆಯವರು, ಸಿಟ್ಟಾಗಲಿಲ್ಲ. ಒಂದು ಕಾಗದ ಮುಂದಿಟ್ಟರು. "ಅನುಮಾನ ಇದ್ದರೆ ತಕರಾರು ಬರೆದುಕೊಡಮ್ಮ. ಸರ್ಕಾರದ ಮುದ್ರೆಯ ತೂಕದ ಕಲ್ಲು ತರಿಸಿ ನಮ್ಮ ಮಿಷಿನ್ನನ್ನೇ ಪರೀಕ್ಷೆ ಮಾಡೋಣ. ಆದರೆ ನಮ್ಮದೇ ಸರಿ ಅಂತಾದರೆ ನಿಮ್ಮ ತಂಡ ಹೊರಗೆ. ಇಲ್ಲದಿದ್ದರೆ ನಲವತ್ತು ನಿಮಿಷ ಕೊಡ್ತೀನಿ, ತೂಕ ಇಳಿಸಿಕೊಂಡು ಬನ್ನಿ."

ಕೊನೇ ವರ್ಷ. ಇದು ತಪ್ಪಿದರೆ ಮೀನಾಗೆ ಇನ್ನೊಂದು ಸಲ ಅನ್ನುವುದೇ ಇಲ್ಲ. ಆದರೂ ಅವಳು ಯೋಚನೆ ಮಾಡಲಿಲ್ಲ, ಪೆನ್ನು ತೆಗೆದುಕೊಂಡಳು.

ದೊಡ್ಡಮಾದಪ್ಪ ಆ ಕೆಂಪು ಅಂಕಿಯನ್ನೇ ನೋಡುತ್ತಿದ್ದ. ಅರವತ್ತು ಒಂಬೈನೂರು. ತಾನು ಕೂಗಿದ್ದು ಐವತ್ತೊಂಬತ್ತು ಒಂಬೈನೂರು. ಇನ್ನೂರು ಗ್ರಾಮೋ ಮುನ್ನೂರೋ ಹೆಚ್ಚುಕಮ್ಮಿ ಆಗಿದ್ದರೆ ಅವನೂ ಮಗಳ ಜೊತೆ ಸೇರಿ ಜಗಳಕ್ಕೇ ನಿಲ್ಲುತ್ತಿದ್ದ. ಇದು ಸರಿಯಾಗಿ ಒಂದು ಕೆಜಿ. ಮಿಷಿನ್ನು ಕೆಟ್ಟರೆ ಇಷ್ಟು ಸರಿಯಾಗಿ ಕೆಡುವುದಿಲ್ಲ. ಆವತ್ತು ಮಂಡಿಯಲ್ಲಿ ಗುಂಡು ಎಲ್ಲಿ ನಿಂತಿತ್ತು ಅನ್ನುವುದು ಈಗ ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ನಿಂತದ್ದು ಅರವತ್ತು ಒಂಬೈನೂರಕ್ಕೇ.

ಸುಮ್ಮನಿದ್ದುಬಿಡಬಹುದಿತ್ತು. ಊರಿಗೆ ಊರೇ ಅವನ ಪರ ನಿಂತಿತ್ತು. ಪಂದ್ಯ ಹೋದರೆ ಹೋಯಿತು, ಮಿಷಿನ್ನಿನವರು ಮೋಸ ಮಾಡಿದರು ಅಂತ ಎಲ್ಲರೂ ಬೈದುಕೊಂಡು ಟ್ರ್ಯಾಕ್ಟರ್ ಹತ್ತುತ್ತಿದ್ದರು, ಅವನ ಮಾನ ಉಳಿಯುತ್ತಿತ್ತು. ಮೀನಾ ಪೆನ್ನಿನ ಮುಚ್ಚಳ ತೆಗೆದಳು. ಅಪ್ಪನ ಕಡೆ ತಿರುಗಿಯೂ ನೋಡದೆ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದನ್ನು ನೋಡಿಯೇ ಅವನಿಗೆ ತಡೆಯಲಾಗಲಿಲ್ಲ.

"ಮಡುಗವ್ವ ಪೆನ್ನ," ಅಂದ.

"ಯಾಕಪ್ಪ?"

"ತಪ್ಪು ನಂದೇಯ. ಗೋಣಿ ಕಳ್ದು ಕೂಗ್ಬುಟ್ಟೆ."

ಮೀನಾ ಅಪ್ಪನ ಮುಖ ನೋಡಿದಳು. "ಯಾವ ಗೋಣಿ ಅಪ್ಪ? ಗೋಣಿ ಎಲ್ಲಿತ್ತು?"

ಮೂವತ್ತು ವರ್ಷದ ಹೆಮ್ಮೆಯೆಲ್ಲ ಕೊಳ್ಳೇಗಾಲದ ಧೂಳಿಗೆ ಬಿದ್ದ ಹಾಗಾಗಿ ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಯಾರೋ ಕಿಸಕ್ಕನೆ ನಕ್ಕರು. ಚಿಕ್ಕನಿಂಗಮ್ಮ ಮಾತ್ರ ನಗಲಿಲ್ಲ.

ಮೀನಾ ಪೆನ್ನು ವಾಪಸ್ಸು ಕೊಟ್ಟಳು. "ನಲವತ್ತು ನಿಮಿಷ ಅಂದ್ರಲ್ಲ ಸಾ? ಮುರುಗೇಶ, ಸ್ಪ್ಯಾನರ್ ತಾ."

ಏನು ಕಳಚುವುದು? ಬ್ಲೇಡು ತೆಗೆದರೆ ಉರುಳೆ ಓಲಾಡುತ್ತದೆ. ಚಕ್ರ, ಬ್ಯಾಟರಿ ಮುಟ್ಟುವ ಹಾಗಿಲ್ಲ. ಮೈಗೆ ಹೊದಿಸಿದ್ದ ಕಬ್ಬಿಣದ ತಗಡುಗಳಲ್ಲಿ ಮೇಲುಗಡೇದೋ, ಪಕ್ಕದ್ದೋ, ಹಿಂದಿನದ್ದೋ ಅಂತ ಇಬ್ಬರೂ ಕಚ್ಚಾಡತೊಡಗಿದರು. ಮಿಷಿನ್ನಿನ ಮುಂದೆ ಬೇರೆ ತಂಡಗಳ ಸಾಲು, ಒಂದೊಂದನ್ನೇ ತೂಗಿ ನೋಡುವಷ್ಟು ಹೊತ್ತಿರಲಿಲ್ಲ. ದೊಡ್ಡಮಾದಪ್ಪ ಮುಂದೆ ಬಂದು ಕೈಚಾಚಿದ. ಪಕ್ಕದ ತಗಡು ಬಿಚ್ಚಿ ಅವನ ಅಂಗೈಗೆ ಕೊಟ್ಟರು. ಒಂದು ಸಲ ಮೇಲಕ್ಕೆ ಕೆಳಕ್ಕೆ ಆಡಿಸಿದ. "ಏಳ್ನೂರು. ಸಾಲ್ದು." ಅದನ್ನು ತಿರುಗಿ ಬಿಗಿದು ಹಿಂದಿನ ತಗಡು ಕೊಟ್ಟರು. ಈ ಸಲ ಕಣ್ಣು ಮುಚ್ಚಿಕೊಂಡ. "ಒಂಬೈನೂರ ನಲವತ್ತು. ಇದ್ನೇ ತಗೀರಿ."

ಮಿಷಿನ್ನು ಐವತ್ತೊಂಬತ್ತು ಒಂಬೈನೂರ ಅರವತ್ತು ಅಂತ ತೋರಿಸಿತು. ಮೇಷ್ಟ್ರು ಕನ್ನಡಕ ತೆಗೆದು ಅವನ ಕೈಯನ್ನೇ ನೋಡಿದರು. "ಏನ್ ಸ್ವಾಮಿ ಇದು, ಕೈಯೋ ತಕ್ಕಡಿಯೋ?"

ಬೇರೆ ದಿನವಾಗಿದ್ದರೆ ದೊಡ್ಡಮಾದಪ್ಪ ಈ ಮಾತನ್ನು ವರ್ಷಾನುಗಟ್ಟಲೆ ಹೇಳಿಕೊಂಡು ತಿರುಗುತ್ತಿದ್ದ. ಈಗ ತಲೆ ಎತ್ತಲಿಲ್ಲ.

ಮೊದಲ ಕಾಳಗ ಯಳಂದೂರು ಕಡೆ ಹುಡುಗರ ಯಂತ್ರದ ಜೊತೆ. ಕಾಡಂದಿ ಮೂತಿ ಹಾಕಿ ಎತ್ತಿ ಒಗೆದ ರಭಸಕ್ಕೆ ಅದು ಅಂಗಾತ ಬಿದ್ದು ಚಕ್ರ ಆಡಿಸುತ್ತಾ ಉಳಿಯಿತು. ಹನೂರಿನವರ ಶಿಳ್ಳೆಗೆ ಮೈದಾನ ಗಡಗಡ ಅಂದಿತು. "ಗುಮ್ಮು! ಇನ್ನೊಂದು ಗುಮ್ಮು!" ಅಂತ ಚಿಕ್ಕನಿಂಗಮ್ಮ ಕುಣಿದಾಡಿದಳು.

ಎರಡನೇದು ಮೈಸೂರಿನಿಂದ ಬಂದ ತಂಡ. ಅವರ ಯಂತ್ರದ ಮೇಲೆ ಉದ್ದಕ್ಕೆ ಬೀಸುವ ಒಂದು ಕಬ್ಬಿಣದ ಪಟ್ಟಿ. ಎರಡು ನಿಮಿಷ ಕಾಡಂದಿ ಎದುರೆದುರೇ ನಿಂತು ಗುದ್ದಾಡಿತು, ಬೆಂಕಿಯ ಕಿಡಿ ಹಾರಿತು, ಆ ಕಡೆಯದರ ಒಂದು ಚಕ್ರವೇ ಕಿತ್ತುಬಂತು. ಇನ್ನೇನು ಗೆದ್ದೇಬಿಟ್ಟರು ಅನ್ನುವಷ್ಟರಲ್ಲಿ ಕಾಡಂದಿ ತಿರುಗುವುದಕ್ಕೆ ಹೋಯಿತು. ತಿರುಗುವಾಗ ಬೆನ್ನು ಕೊಟ್ಟಿತು. ತಗಡಿಲ್ಲದ ಆ ಬೆನ್ನಿಗೆ ಪಟ್ಟಿ ಒಂದೇ ಒಂದು ಏಟು ಬೀಸಿತು. ವೈರು ತುಂಡಾಯಿತು. ಕಾಡಂದಿ ನಿಂತ ಕಡೆಯೇ ನಿಂತಿತು. ತೀರ್ಪುಗಾರರು ಹತ್ತು ಎಣಿಸಿ ಮುಗಿಸುವವರೆಗೂ ಮೀನಾ ರಿಮೋಟನ್ನು ಒತ್ತುತ್ತಲೇ ಇದ್ದಳು.

ಆಮೇಲೆ ಅವಳು ಹುಣಸೇಮರದ ಬುಡದಲ್ಲಿ ಕೂತು, ಕಳಚಿದ್ದ ತಗಡನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅಳುತ್ತಿದ್ದಳೋ ಬೆವರೋ ತಿಳಿಯುವ ಹಾಗಿರಲಿಲ್ಲ. ದೊಡ್ಡಮಾದಪ್ಪ ಪಕ್ಕದಲ್ಲಿ ಬಂದು ಕುಕ್ಕರಿಸಿದ.

"ಬೈಯವ್ವ ಒಸಿ. ಇಂಗೆ ಸುಮ್ಕೆ ಕೂತ್ಕೋಬ್ಯಾಡ."

"ಬೈಯದೇನಪ್ಪ? ನೀ ಬಾಯ್ಬುಡ್ದೆ ಇದ್ದಿದ್ರೆ ಆ ಒಂದ್ ಕಾಳಗಾನೂ ಆಡ್ತಿರ್ನಿಲ್ಲ." ತಗಡನ್ನು ಅಂಗೈಯಲ್ಲಿ ಆಡಿಸಿ ನೋಡಿದಳು, ಅವನು ಆಡಿಸಿದ ಹಾಗೇ. "ಒಂದ್ ಕೆಜಿ ಅಂದ್ರೆ ಏನೋ ಅನ್ಕಂಡಿದ್ದೆ ಕಣಪ್ಪ. ಒಂದ್ ಕೆಜೀಲಿ ಎಷ್ಟೊಂದು ಅದ ನೋಡು."

ಅವಳು ಅಪ್ಪನನ್ನು ಚುಚ್ಚಬೇಕು ಅಂತ ಆಡಿದ ಮಾತಲ್ಲ ಅದು. ಆದರೆ ಹನೂರು ಬರುವವರೆಗೂ ಅವನು ಟ್ರ್ಯಾಕ್ಟರಿನಲ್ಲಿ ಆ ತಗಡನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ.

ಮಾರನೇ ದಿನ ಸೋಮವಾರ, ಮಂಡಿ ತುಂಬ ಜೋಳ. ಚಿಕ್ಕನಿಂಗಮ್ಮನ ಗಾಡಿ ಮೊದಲಿಗೆ ನಿಂತಿತ್ತು. ಹಮಾಲಿ ಮೊದಲನೇ ಮೂಟೆ ತಂದು ಹಲಗೆಯ ಮೇಲೆ ಧೊಪ್ಪನೆ ಹಾಕಿದ. ದೊಡ್ಡಮಾದಪ್ಪ ಗುಂಡು ಜರುಗಿಸಿದ. ಐವತ್ತೊಂದು. ಐವತ್ತು ಅನ್ನುವುದಕ್ಕೆ ಬಾಯಿ ತಾನಾಗಿಯೇ ತೆರೆದುಕೊಂಡಿತು, ಹಾಗೇ ನಿಂತಿತು.

ಅವನು ಮೂಟೆಯನ್ನು ನೋಡಿದ. ದಿನಾ ನೋಡುತ್ತಿದ್ದ ಮೂಟೆಯೇ. ನೀಲಿ ಗೆರೆಯ ಪ್ಲಾಸ್ಟಿಕ್ ಚೀಲ. ನಾರಿನ ಗೋಣಿ ಮಂಡಿಗೆ ಬರುವುದು ನಿಂತು ಹತ್ತು ವರ್ಷವೋ ಹನ್ನೆರಡೋ ಆಗಿತ್ತು. ಆವಾಗಿನಿಂದ ಯಾರೂ ಕೇಳಿರಲಿಲ್ಲ, ಅವನೂ ನೆನೆಸಿಕೊಂಡಿರಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಒಂದು ಖಾಲಿ ಚೀಲ ಎತ್ತಿ ಅಂಗೈ ಮೇಲೆ ಹಾಕಿಕೊಂಡ. ನೂರು ಗ್ರಾಂ. ಕೈಗೆ ಗೊತ್ತೇ ಇತ್ತು. ದಿನಾ ಎತ್ತಿ ಎಸೆಯುತ್ತಿದ್ದ ಕೈಗೆ ಯಾವತ್ತಿನಿಂದಲೂ ಗೊತ್ತಿತ್ತು. ಮೂಟೆಗೆ ಒಂಬೈನೂರು ಗ್ರಾಂ ಜೋಳ ರೈತರ ಲೆಕ್ಕದಿಂದ ಬಿಟ್ಟಿ ಹೋಗಿತ್ತು; ಹನ್ನೆರಡು ವರ್ಷದ ಮೂಟೆಗಳು ಎಷ್ಟು ಅಂತ ಲೆಕ್ಕ ಹಾಕುವ ಧೈರ್ಯ ಅವನಿಗಾಗಲಿಲ್ಲ.

ಗದ್ದುಗೆಯ ಮೇಲಿಂದ ಮಂಡಿ ಸಾವ್ಕಾರ ಕೆಂಪನಂಜಪ್ಪ ತಲೆ ಎತ್ತಿದ. "ಏನ್ ಮಾದಪ್ಪ, ನಿಂತೇ ನಿದ್ದೆನಾ? ಗೋಣಿ ಕಳ್ದು ಕೂಗು, ಲಾರಿ ಕಾಯ್ತದೆ."

ದೊಡ್ಡಮಾದಪ್ಪ ಖಾಲಿ ಚೀಲವನ್ನು ಅವನೆದುರಿಗೆ ಎತ್ತಿ ಹಿಡಿದ. "ಯಾವ ಗೋಣಿ ಸಾವ್ಕಾರ್ರೆ? ಗೋಣಿ ಎಲ್ಲದೆ?"

ಕೆಂಪನಂಜಪ್ಪನ ಮುಖ ಗಂಟಿಕ್ಕಿತು. ಹಮಾಲಿಗಳು ಹೊತ್ತ ಮೂಟೆ ಹೊತ್ತ ಹಾಗೇ ನಿಂತರು. ದೊಡ್ಡಮಾದಪ್ಪ ಎಲೆ ಅಡಿಕೆ ಉಗಿದು ಬಂದು, ಬೀದಿಯ ಕಡೆಗೆ ತಿರುಗಿ ಕೂಗಿದ.

"ಲಾಭ! ಐವತ್ತು ಒಂಬೈನೂರು!"

ಗಾಡಿಯ ಪಕ್ಕ ಚೀಲದ ಬಾಯಿ ಕಟ್ಟುತ್ತಿದ್ದ ಚಿಕ್ಕನಿಂಗಮ್ಮನ ಕೈ ನಿಂತಿತು.

"ಇನ್ನೊಂದ್ ಕಿತ ಕೂಗು ಮಾದಪ್ಪ," ಅಂದಳು.

ಅವನು ಇನ್ನೊಂದು ಸಲ ಕೂಗಿದ.