ಇಡೀ ವಾರ್ಡಿಗೆ ಒಂದೇ ಪಥ್ಯ

ಆಸ್ಪತ್ರೆಯ ಅಡುಗೆಮನೆಗೆ ಪ್ರೋಗ್ರಾಮ್ ಬರೆದುಕೊಡುವ ಕೆಲಸ ಮೈದುನನಿಗೆ ಸಿಕ್ಕಿದ್ದೇ ಅತ್ತಿಗೆಯ ದೆಸೆಯಿಂದ. ಅಲ್ಲಿ ರೋಗಿಗಳ ಪಥ್ಯವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದವಳು ಅವಳು. ನಮ್ಮ ಮೈದುನ ಬಲು ಬುದ್ಧಿವಂತ ಎಂದು ಮೇಲ್ವಿಚಾರಕರ ತಲೆ ತಿಂದು ಒಪ್ಪಿಸಿದ್ದಳು. ಬುದ್ಧಿವಂತನೇನೋ ಹೌದು, ಅದು ಅವನಿಗೂ ತುಸು ಜಾಸ್ತಿಯೇ ಗೊತ್ತಿತ್ತು.

ಪ್ರೋಗ್ರಾಮ್ ಶುರುವಾದ ವಾರದಲ್ಲೇ ಒಂದು ಮಧ್ಯಾಹ್ನ ವಾರ್ಡಿನ ಎಲ್ಲರಿಗೂ ಉಪ್ಪಿಲ್ಲದ ಊಟ ಹೋಯಿತು. ಉಪ್ಪು ಬೇಡವಾಗಿದ್ದದ್ದು ಕಿಟಕಿ ಪಕ್ಕದ ಮುದುಕರೊಬ್ಬರಿಗೆ ಮಾತ್ರ. ಕಾಲು ಮುರಿದುಕೊಂಡು ಮಲಗಿದ್ದ ಪೈಲ್ವಾನನಂತೂ ತಟ್ಟೆ ತಳ್ಳಿ ರಂಪ ಎಬ್ಬಿಸಿದ. ಮೇಲ್ವಿಚಾರಕರು ಇಬ್ಬರನ್ನೂ ಕರೆಸಿದರು. ತಾನು ಮುದುಕರ ಹೆಸರಿಗೇ ಹಾಕಿದ್ದು ಎಂದಳು ಅತ್ತಿಗೆ. ಮೈದುನ ಕೋಡ್ ತೆರೆದೂ ನೋಡದೆ ನಕ್ಕ.

"ಕಂಪ್ಯೂಟರ್ ತಪ್ಪು ಮಾಡಲ್ಲ ಸಾರ್. ಇವರೇ ಎಲ್ಲರನ್ನೂ ಸೆಲೆಕ್ಟ್ ಮಾಡಿಬಿಟ್ಟಿರ್ತಾರೆ."

ಮರುದಿನದಿಂದ ಅವಳಿಗೆ ತರಕಾರಿ ಹೆಚ್ಚುವ ಕೆಲಸ. ಕಂಪ್ಯೂಟರಿನ ಮುಂದೆ ಒಬ್ಬ ಗುಮಾಸ್ತ ಬಂದು ಕೂತ. ಆ ಗುಮಾಸ್ತ ಯಾರೋ ಒಬ್ಬರಿಗೆ ಸಕ್ಕರೆ ಬೇಡ ಎಂದು ಹಾಕಿದ, ಇಡೀ ವಾರ್ಡಿಗೆ ಸಪ್ಪೆ ಚಹಾ ಹೋಯಿತು. ಆಗ ಮೈದುನ ಕೋಡ್ ತೆರೆದ.

'ರೋಗಿ' ಎಂಬ ಕನ್‌ಸ್ಟ್ರಕ್ಟರನ್ನು ಬರೆದವನು ಅವನೇ. ಅದೊಂದು ಅಚ್ಚು, ಹೊಸ ರೋಗಿ ದಾಖಲಾದಾಗಲೆಲ್ಲ ಅದರಿಂದ ಆ ರೋಗಿಯದೇ ದಾಖಲೆಯಾಗಿ ಒಂದು ಆಬ್ಜೆಕ್ಟ್ ತಯಾರಾಗುತ್ತದೆ. ಹೆಸರನ್ನೂ ಮಂಚದ ಸಂಖ್ಯೆಯನ್ನೂ ಕನ್‌ಸ್ಟ್ರಕ್ಟರಿನ ಒಳಗೇ ಇಟ್ಟಿದ್ದರಿಂದ ಅವು ಒಬ್ಬೊಬ್ಬರಿಗೂ ಬೇರೆ ಬೇರೆ. ಪಥ್ಯದ ಪಟ್ಟಿಯನ್ನು ಮಾತ್ರ ಅವಸರದಲ್ಲಿ ಪ್ರೊಟೊಟೈಪಿಗೆ ಹಾಕಿಬಿಟ್ಟಿದ್ದ. ಅಲ್ಲಿರುವುದು ಆ ಅಚ್ಚಿನಿಂದ ಬಂದ ಎಲ್ಲರ ಪಾಲಿನದು. ಅಷ್ಟೂ ರೋಗಿಗಳಿಗೆ ಇದ್ದದ್ದು ಒಂದೇ ಪಟ್ಟಿ. ಯಾರ ಹೆಸರಿಗೆ ಸೇರಿಸಿದರೂ ಎಲ್ಲರಿಗೂ ಅಂಟುತ್ತಿತ್ತು.

ಪಟ್ಟಿಯ ಆ ಒಂದು ಸಾಲನ್ನು ಅಚ್ಚಿನ ಒಳಗೆ ಸರಿಸಿದ, ಸರಿಹೋಯಿತು. ಪಕ್ಕದಲ್ಲಿ ಅತ್ತಿಗೆ ಈರುಳ್ಳಿ ಹೆಚ್ಚುವ ಸದ್ದು ಕೇಳುತ್ತಲೇ ಇತ್ತು. ಅವನ ಕಿವಿ ಬಿಸಿಯಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯದು ಎನಿಸಿತು. ಹಾಗೆ ಎನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಹೋಗಿ ಮೇಲ್ವಿಚಾರಕರಿಗೆ ಹೇಳಿದ. ಅವರು ಮುಖಕ್ಕೆ ಮಂಗಳಾರತಿ ಮಾಡಿ, ಅತ್ತಿಗೆಯನ್ನು ಮತ್ತೆ ಕಂಪ್ಯೂಟರಿಗೆ ಕೂರಿಸಿದರು. ಅವಳು ಮೊದಲ ರೋಗಿಯ ಪಥ್ಯ ಹಾಕಿ, ಸರಿಯಾಗಿದೆಯೇ ನೋಡು ಎಂದು ಗುಮಾಸ್ತನನ್ನು ಕರೆದಳು. ಎರಡನೆಯದಕ್ಕೂ ಕರೆದಳು.

"ಅತ್ತಿಗೆ, ತಪ್ಪು ನಂದು. ನೀವು ಸರಿಯಾಗೇ ಹಾಕಿದ್ರಿ" ಎಂದ ಮೈದುನ.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಸರಿಯಾಗಿ ಹಾಕಿದ್ದು ನಂಗೆ ಚೆನ್ನಾಗಿ ನೆನಪಿತ್ತು ಕಣೋ. ಆದ್ರೆ ನೀನು ಹಾಗಂದ ಮೇಲೆ ನನ್ನ ಕೈನೇ ನಂಬೋದು ಬಿಟ್ಬಿಟ್ಟೆ."