ಎರಡನೇ ಲೈನಿನ ಹದಿನಾಲ್ಕು

ಮೇಜಿನ ಮೇಲೆ ಥರ್ಮೋಕೋಲಿನ ಬಿಳಿ ಪೆಟ್ಟಿಗೆಯೊಂದಿತ್ತು. ಒಳಗೆ, ಮಂಜುಗಡ್ಡೆಯ ಚೂರುಗಳ ನಡುವೆ, ನಲವತ್ತೊಂದು ಗಾಜಿನ ನಳಿಗೆಗಳಲ್ಲಿ ನಲವತ್ತೊಂದು ಜನರ ರಕ್ತ. ಪೆಟ್ಟಿಗೆಯ ಪಕ್ಕದಲ್ಲಿ ಲಾಡಿ ಕಟ್ಟಿದ ನಲವತ್ತೊಂದು ಹಾಳೆಗಳು. ಅವೆರಡರ ನಡುವೆ ಪಿಂಗಾಣಿಯ ತಟ್ಟೆ. ಅದರಲ್ಲಿ ತೋಟದ್ದೇ ಐದು ಕಿತ್ತಳೆ, ಒಂದರ ತೊಟ್ಟಿಗೆ ಎಲೆ ಇನ್ನೂ ಅಂಟಿಕೊಂಡಿತ್ತು. ಬೆಳಗಿನ ಬಿಸಿಲಿಗೆ ಕಿಟಕಿಯ ಸರಳುಗಳ ನೆರಳು ರಕ್ತ, ಹಣ್ಣು, ಕಾಗದವೆನ್ನದೆ ಎಲ್ಲದರ ಮೇಲೂ ಒಂದೇ ಸಮನೆ ಬಿದ್ದಿತ್ತು. ಪೆಟ್ಟಿಗೆಯ ಮೂಲೆಯಿಂದ ಇಳಿದ ನೀರಿನ ಹನಿಯೊಂದು ಬೀಟೆಮರದ ಹೊಳಪಿನ ಮೇಲೆ ತಡೆದು ನಿಂತಿತ್ತು. ಮೇಜಿನ ಸುತ್ತ ಕುಳಿತ ಮೂವರಲ್ಲಿ ಯಾರೂ ಕೈ ಚಾಚಿರಲಿಲ್ಲ.

"ಹೆಸರು ಯಾರು ಕೇಳಿದ್ರು ಮಾರಾಯ್ರೆ?" ಎಂದರು ಕಾಫಿತೋಟದ ಯಜಮಾನ ರಂಗನಾಥ ಗೌಡರು. "ಹೆಸರೇ ಬರ್ಕೊಂಡಿಲ್ಲ ಅಂತ ನೀವೇ ಹೇಳಿದ್ರಿ. ಕೆಲಸದ ಹೊತ್ತಲ್ಲಿ ಕುಡೀತೀನಿ ಅಂತ ಒಪ್ಪಿದವರ ನಂಬರ್ ಕೊಡಿ, ಸಾಕು. ಯಾರು ಅಂತ ನಾವು ಹುಡುಕ್ಕೊಳ್ತೇವೆ. ಇವತ್ತು ಸಂಜೆ ಹಣ್ಣು ಸುಲಿಯೋ ಪಲ್ಪರ್ ಶುರು. ಹೋದ ವರ್ಷ ಒಬ್ಬ ಕುಡಿದು ಬಂದು ಮಿಷಿನ್ನಿಗೆ ಕೈ ಕೊಟ್ಟ. ಮೂರು ಬೆರಳು ಹಣ್ಣಿನ ಸಿಪ್ಪೆ ಜೊತೆ ಹೋಯ್ತು. ಈ ಸಲ ಕುಡಿಯೋನು ಯಾರೇ ಆಗ್ಲಿ, ಕತ್ತಲಾಗೋದ್ರೊಳಗೆ ಲೈನ್ ಮನೆ ಖಾಲಿ ಮಾಡ್ಬೇಕು."

"ನಿಮ್ಮ ಆತಂಕ ನ್ಯಾಯವಾದದ್ದೇ ಗೌಡ್ರೆ," ಎಂದು ಪ್ರೊಫೆಸರ್ ಚಂದ್ರಶೇಖರಪ್ಪ ಕನ್ನಡಕ ಒರೆಸಿಕೊಂಡರು. ಅವರ ನಿವೃತ್ತಿಗೆ ಇನ್ನು ಎರಡು ವರ್ಷವಿತ್ತು. ಕುಡಿತದ ಬಗ್ಗೆ ವಿಶ್ವವಿದ್ಯಾಲಯದಲ್ಲಿ ಅದುವರೆಗೆ ನಡೆದ ಕೆಲಸವೆಲ್ಲ ಬಿಡಿಬಿಡಿಯಾಗಿತ್ತು: ವೈದ್ಯರು ಯಕೃತ್ತನ್ನು ನೋಡಿದ್ದರು, ಅರ್ಥಶಾಸ್ತ್ರದವರು ಕೂಲಿಯನ್ನು, ಸಮಾಜಶಾಸ್ತ್ರದವರು ಸಂಸಾರವನ್ನು. ಇಡೀ ಮನುಷ್ಯನನ್ನು ಯಾರೂ ನೋಡಿರಲಿಲ್ಲ. ಒಬ್ಬನ ರಕ್ತಕ್ಕೂ ಅವನ ಮಾತಿಗೂ ಒಂದೇ ಸಂಖ್ಯೆ ಕೊಟ್ಟು, ಎಲ್ಲ ವಿಭಾಗಗಳನ್ನು ಆ ಸಂಖ್ಯೆಯ ಕೆಳಗೆ ಕೂರಿಸುವುದು ಚಂದ್ರಶೇಖರಪ್ಪನವರ ಹಂಬಲ. ತೊಂಬತ್ತೇಳರ ಡಿಸೆಂಬರಿನಲ್ಲಿ, ಬಣಕಲ್ಲಿನಿಂದ ಮೂರು ಮೈಲಿ ಮೇಲಿನ ಈ ತೋಟದಲ್ಲಿ, ಅದು ಮೊದಲ ಬಾರಿಗೆ ಕೈಗೂಡಿತ್ತು. ಇನ್ನೂ ಆರು ತೋಟಗಳ ಗೇಟು ತೆರೆಯಬೇಕಿತ್ತು. ತೆರೆಸಬೇಕಾದವರು ಇದೇ ಗೌಡರು.

"ಶಾಲಿನಿ, ಆ ಕಟ್ಟು ಇಲ್ಲಿ ಕೊಡಮ್ಮ. ಬರೀ ನಂಬರ್ ತಾನೆ."

ಶಾಲಿನಿ ಅವರ ಸಂಶೋಧನಾ ವಿದ್ಯಾರ್ಥಿನಿ; ಗೋಣಿಬೀಡಿನ ಮೇಷ್ಟ್ರೊಬ್ಬರ ಮಗಳು. ಒಂಬತ್ತು ದಿನ ಕೂಲಿಯವರ ಲೈನ್ ಮನೆಗಳ ಹೊಸ್ತಿಲುಗಳ ಮೇಲೆ ಕುಳಿತು ಆ ಹಾಳೆಗಳನ್ನು ತುಂಬಿಸಿದವಳು ಅವಳೇ. ಸಂಖ್ಯೆ ಕೊಟ್ಟವಳೂ ಅವಳೇ. ಅವಳು ಕೈ ಮುಂದೆ ಮಾಡುವುದರೊಳಗೆ ಗೌಡರು ತಲೆ ವಾಲಿಸಿ, ಮೇಲಿನ ಹಾಳೆಯ ಬಲಮೂಲೆಯನ್ನು ಓದಿದರು.

"ಒಂದು ಬಾರ್ ಮೂರು." ಅವರ ಹುಬ್ಬು ಮೆಲ್ಲನೆ ಏರಿತು. "ಒಂದನೇ ಲೈನು, ಮೂರನೇ ಮನೆ! ಅಲ್ಲ ಮಾರಾಯ್ತಿ, ಇದು ನಮ್ಮ ತೋಟದ ರೈಟರ್ ಬರೆಯೋ ಹಾಜರಿ ಚೆಕ್‌ರೋಲಿಗಿಂತ ಚೆನ್ನಾಗಿದೆಯಲ್ಲ. ಅವನಿಗೂ ಸ್ವಲ್ಪ ಕಲ್ಸಿ ಹೋಗು."

ಅವರು ನಕ್ಕರು. ಪ್ರೊಫೆಸರರ ಕೈ ಕನ್ನಡಕದ ಮೇಲೆಯೇ ನಿಂತಿತು. ಶಾಲಿನಿ ಕಟ್ಟನ್ನು ತನ್ನ ಕಡೆ ಎಳೆದುಕೊಂಡಳು.

ಅದು ಎಷ್ಟು ಸುಲಭವಾಗಿ ತೋರಿತ್ತು! ಲೈನಿನ ಪ್ರತಿ ಬಾಗಿಲ ಮೇಲೂ ಸುಣ್ಣದಲ್ಲಿ ಬರೆದ ನಂಬರು ಇದ್ದೇ ಇತ್ತು. ರಕ್ತ ತೆಗೆಯುವ ಹುಡುಗ ಬಾಗಿಲು ನೋಡಿ ನಳಿಗೆಗೆ ಚೀಟಿ ಅಂಟಿಸಿದರೆ ತಪ್ಪಿಗೆ ಎಡೆಯೇ ಇಲ್ಲ. ಹಾಗೆಂದು ಅವಳೇ ಸೂಚಿಸಿದ್ದಳು. ಒಳ್ಳೆಯ ಉಪಾಯವೆಂದು ಪ್ರೊಫೆಸರರು ಬೆನ್ನು ತಟ್ಟಿದ್ದರು. ಆ ನಂಬರನ್ನು ದಿನವೂ ನೋಡುವ ಬೇರೆಯವರೂ ಇದ್ದಾರೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಮೊನ್ನೆ ಎರಡನೇ ಲೈನಿನ ಹದಿನಾಲ್ಕನೇ ಬಾಗಿಲಲ್ಲಿ ದ್ಯಾವಮ್ಮ ಬುಟ್ಟಿಯ ದಾರ ಬಿಗಿಯುತ್ತ ಕುಳಿತಿದ್ದಳು. "ಮದ್ವೆ ಆಗಿದ್ಯಾ ತಂಗಿ? ಇಲ್ವಾ? ಹಂಗಾರೆ ಈ ಪ್ರಶ್ನೆನೆಲ್ಲ ಜೋಪಾನವಾಗಿ ಇಟ್ಕ. ಗಂಡು ನೋಡಕ್ಕೆ ಬಂದಾಗ ಒಂದೊಂದಾಗಿ ಕೇಳು," ಎಂದು ನಗಿಸಿದ್ದಳು. ಅವಳ ಗಂಡ ತಿಮ್ಮಪ್ಪ ನಗಲಿಲ್ಲ. ಹತ್ತು ವರ್ಷದಿಂದ ಪಲ್ಪರಿಗೆ ಹಣ್ಣು ಬಿಡುವವನು ಅವನು. ಮೊದಲು ಕುಡಿಸಿದವರು ಯಾರೆಂಬ ಹತ್ತೊಂಬತ್ತನೇ ಪ್ರಶ್ನೆಗೆ ನೆಲ ನೋಡುತ್ತಲೇ ಹೇಳಿದ್ದ.

"ಹಳೇ ಗೌಡ್ರು. ಬೀಜ ತೊಳೆಯೋ ತೊಟ್ಟಿ ನೀರಲ್ಲಿ ನಿಂತ್ರೆ ಸೊಂಟದ ಮಟ ಸತ್ತೇ ಹೋಗ್ತದೆ ಅಂತ ಒಂದು ಲೋಟ ಸಾರಾಯಿ ಕೊಡ್ಸೋರು. ಈಗ ರೈಟ್ರು ಪ್ಯಾಕೆಟ್ ಕೊಡ್ತಾರೆ, ಮಿಷಿನ್ ಶುರು ಆಗೋಕ್ ಮುಂಚೆ ಒಂದು. ಅದ್ರ ಮೇಲಿಂದು ನಮ್ದು."

"ಈ ಮಾತು ಬಂಗ್ಲೆಗೆ ಹೋಗಕಿಲ್ಲ ಅಲ್ವ ತಂಗಿ?" ದ್ಯಾವಮ್ಮನ ಕೈ ದಾರದ ಮೇಲೆ ನಿಂತಿತ್ತು. "ಹೋದ್ರೆ ಈ ಬಾಗ್ಲು ನಮ್ದಲ್ಲ."

"ಹೆಸರೇ ಇಲ್ಲ ನೋಡಿ, ಬರೀ ನಂಬರ್," ಎಂದು ಶಾಲಿನಿ ಹಾಳೆ ತಿರುಗಿಸಿ ತೋರಿಸಿದ್ದಳು. ಓದಲು ಬಾರದ ದ್ಯಾವಮ್ಮ ಅದನ್ನು ನೋಡಿ ತಲೆಯಾಡಿಸಿದ್ದಳು.

"ಸಾರ್, ಇದು ಕೊಡೋಕಾಗಲ್ಲ," ಎಂದಳು ಈಗ ಶಾಲಿನಿ. ಕಟ್ಟು ಅವಳ ಮಡಿಲಿಗೆ ಬಂದಿತ್ತು.

"ನೋಡಮ್ಮ," ಗೌಡರ ನಗು ಇಂಗಿತ್ತು. "ನಾಳೆ ಇನ್ನೊಬ್ಬನ ಕೈ ಹೋದ್ರೆ ನಿಮ್ಮ ಯೂನಿವರ್ಸಿಟಿ ಬಂದು ಜೋಡಿಸ್ತದಾ? ಅವನ ಹೆಂಡತಿ ಬಂದು ಅಳೋದು ನನ್ನ ಅಂಗಳದಲ್ಲಿ."

ಸಂಜೆ ಪಲ್ಪರಿನ ಹಲ್ಲಿನ ಉರುಳೆಯ ಮುಂದೆ ನಿಲ್ಲುವ ಕೈ ಯಾವುದೆಂದು ಅವಳಿಗೆ ಗೊತ್ತಿತ್ತು.

"ಯಾರನ್ನೂ ಓಡಿಸದೆ ಆ ಕೈ ಉಳಿಸಬಹುದು ಗೌಡ್ರೆ. ಪಲ್ಪರ್ ಶುರುವಾಗೋ ಮುಂಚೆ ರೈಟ್ರು ಕೊಡೋ ಪ್ಯಾಕೆಟ್ ನಿಲ್ಲಿಸಿ. ಮೊದಲು ಕುಡಿಸಿದ್ದು ಯಾರು ಅಂದ್ರೆ ನಲವತ್ತೊಂದರಲ್ಲಿ ಮೂವತ್ತಮೂರು ಜನ ತೋಟದಲ್ಲೇ ಕೊಟ್ರು ಅಂತಾರೆ," ಎಂದಳು.



"ಅದು ನಮ್ಮಪ್ಪನ ಕಾಲದ ಪದ್ಧತಿ," ಎಂದರು ಗೌಡರು ನಿಧಾನವಾಗಿ. "ಕೊಡದಿದ್ರೆ ಆ ನೀರಿಗೆ ನಾಯಿಯೂ ಇಳಿಯೋದಿಲ್ಲ. ಒಂದು ಕೊಡ್ತೇವೆ. ಮೂರು ಕುಡಿ ಅಂತ ಹೇಳಿದ್ದೇವಾ?" ಮತ್ತೆ ಪ್ರೊಫೆಸರರ ಕಡೆ ತಿರುಗಿ, "ನಿಮ್ಮ ಪೆಟ್ಟಿಗೆಯ ಐಸು ಕರಗ್ತಾ ಇದೆ. ಜೀಪು ರೆಡಿ ಇದೆ. ನಂಬರ್ ಸಿಕ್ಕಿದ ಕೂಡ್ಲೆ ಹೊರಡ್ತದೆ," ಎಂದರು.

"ಶಾಲಿನಿ." ಪ್ರೊಫೆಸರರ ಧ್ವನಿ ಗದರಲಿಲ್ಲ, ಬೇಡಿತು. "ಕೊಡಮ್ಮ."

ಅವಳು ಲಾಡಿ ಬಿಚ್ಚಿದಳು. ಕೊಡಲೆಂದೇ ಬಿಚ್ಚಿದಳೆಂದು ಇಬ್ಬರೂ ತಿಳಿದರು. ಆರೇಳು ಹಾಳೆಗಳನ್ನು ಒಟ್ಟಿಗೆ ಹಿಡಿದು, ಮೇಜಿನ ಅಂಚಿಗೆ ಒತ್ತಿ, ಬಲಮೂಲೆಯನ್ನು ಹರಿದಳು.

"ಏಯ್! ಏನ್ ಮಾಡ್ತಿದೀಯ?" ಪ್ರೊಫೆಸರರು ಕುರ್ಚಿ ಹಿಂದೆ ತಳ್ಳಿ ಎದ್ದರು. ಪೆಟ್ಟಿಗೆಗೆ ತೊಡೆ ತಾಗಿ ಒಳಗೆ ಗಾಜು ಗಲಗುಟ್ಟಿತು. ಅವರ ಎರಡು ಕೈಗಳೂ ತಾವಾಗಿ ಅದನ್ನೇ ತಬ್ಬಿ ಹಿಡಿದವು. ಗೌಡರೂ ಎದ್ದಿದ್ದರು. ಅರ್ಧ ಚಾಚಿದ ಅವರ ಕೈ ಗಾಳಿಯಲ್ಲೇ ಉಳಿಯಿತು. ಪರರ ಹೆಣ್ಣುಮಗಳ ಮಣಿಕಟ್ಟು ಹಿಡಿಯುವುದು ಆ ಮನೆಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಶಾಲಿನಿ ಮತ್ತೆ ಹರಿದಳು, ಮತ್ತೆ ಹರಿದಳು. ಕೊನೆಯ ಮೂರು ಹಾಳೆಗಳಾದ ಮೇಲೆ ಎಲ್ಲವನ್ನೂ ಇಸ್ಪೀಟಿನಂತೆ ಕಲೆಸಿ ಮೇಜಿನ ಮೇಲಿಟ್ಟಳು. ವಯಸ್ಸಿನ ಕಲಮಿನಲ್ಲಿ ಎಲ್ಲರೂ ನಲವತ್ತು ಇಲ್ಲವೇ ಐವತ್ತು ಎಂದೇ ಬರೆಸಿದ್ದರು. ಕಸುಬು ಎಲ್ಲರದೂ ಕೂಲಿ. ಮೂಲೆಗಳು ಅವಳ ಎಡಮುಷ್ಟಿಯಲ್ಲಿದ್ದವು.

"ಇನ್ನು ಆ ರಕ್ತ ಯಾರದು?" ಪ್ರೊಫೆಸರರು ಪೆಟ್ಟಿಗೆಯನ್ನು ಬಿಟ್ಟಿರಲಿಲ್ಲ. "ರಕ್ತ ಒಂದು ಕಡೆ, ಮಾತು ಒಂದು ಕಡೆ. ಎರಡು ವರ್ಷ ಶಾಲಿನಿ... ನಿನ್ನ ಪಿಎಚ್‌ಡಿನೂ ಅದರಲ್ಲೇ ಇತ್ತು."

"ಗೊತ್ತು ಸಾರ್. ತಪ್ಪು ನಂದೇ. ಬಾಗಿಲ ನಂಬರ್ ಹಾಕಿದವಳು ನಾನು."

"ಜೀಪಲ್ಲಿ ಜಾಗ ಇಲ್ಲ ನಿನಗೆ," ಎಂದರು ಪ್ರೊಫೆಸರರು.

ಗೌಡರು ಮತ್ತೆ ಕುಳಿತಿದ್ದರು. ಮೂಲೆಯಿಲ್ಲದ ಹಾಳೆಯೊಂದನ್ನು ಎತ್ತಿ, ದೂರ ಹಿಡಿದು, ಬೆರಳಿಟ್ಟು ಹತ್ತೊಂಬತ್ತನೇ ಪ್ರಶ್ನೆಯ ಸಾಲು ಓದಿದರು. ಅದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿದರು. ಅದರಲ್ಲೂ ಬೆರಳು ಅದೇ ಸಾಲಿಗೆ ಹೋಗಿ ನಿಂತಿತು. ಮೂರನೆಯದಕ್ಕೆ ಕೈ ಹಾಕುವಾಗ ಅವರ ಹೆಂಡತಿ ವಸಂತಮ್ಮ ಕಾಫಿಯ ತಟ್ಟೆ ಹಿಡಿದು ಬಂದರು. ಮೂವರ ಮುಖವನ್ನೂ ನೋಡಿದರು.

"ಏನ್ರಿ ಅದು?"

"ಅಪ್ಪಯ್ಯನ ಹೆಸರು ಬರೆಸಿದ್ದಾರೆ," ಎಂದರು ಗೌಡರು, ಹಾಳೆಯಿಂದ ಕಣ್ಣೆತ್ತದೆ.

ಶಾಲಿನಿ ಮೂಲೆಗಳಿದ್ದ ಮುಷ್ಟಿ ಬಿಚ್ಚದೆಯೇ ಬ್ಯಾಗು ಹೆಗಲಿಗೇರಿಸಿದಳು. ಯಾರೂ ನಿಲ್ಲೆನ್ನಲಿಲ್ಲ. ವಸಂತಮ್ಮ ತಟ್ಟೆಯನ್ನು ಕಿತ್ತಳೆಗಳ ಪಕ್ಕ ಇಟ್ಟು ಅವಳ ಹಿಂದೆ ಬಾಗಿಲ ತನಕ ಬಂದರು.

"ಬಣಕಲ್‌ನಿಂದ ಒಂಬತ್ತೂವರೆಗೆ ಬಸ್ಸಿದೆ," ಎಂದರು ತಗ್ಗಿದ ಧ್ವನಿಯಲ್ಲಿ. "ಒಳದಾರೀಲಿ ಹೋದ್ರೆ ಸಿಗ್ತದೆ. ಕಾಫಿ ಕುಡೀಲೇ ಇಲ್ಲ ನೀನು."

ಶಾಲಿನಿ ತಲೆಯಾಡಿಸಿ ಹೊಸ್ತಿಲು ದಾಟಿದಳು. ವಸಂತಮ್ಮ ಎರಡು ಕೈಯಲ್ಲಿ ಬಾಗಿಲನ್ನು ಹಿಡಿದು, ಚಿಲಕ ಸದ್ದು ಮಾಡದಂತೆ, ಮೆಲ್ಲಗೆ ಹಾಕಿಕೊಂಡರು.